ಕಾಲೇಜಿಗೆ ಹೊರಡುವ ಮಕ್ಕಳನ್ನು ಸಿದ್ಧಮಾಡುವ ವಿಷಯ



ದ್ವಿತೀಯ ಪಿಯುಸಿ ಪರೀಕ್ಷೆಯ ಫಲಿತಾಂಶವು ತಿಳಿದ ದಿನ ನಮ್ಮ ಹಳ್ಳಿಗಳಲ್ಲಿ ಆಗುವ ಸಂತೋಷವು ಸಣ್ಣದಲ್ಲ. ಕೂಲಿಮಾಡುವವನ ಮಗಳು ತೇರ್ಗಡೆಯಾದಳೆಂದು ಕೇಳಿ ನೆರೆಹೊರೆಯವರು ಸಕ್ಕರೆ ಹಂಚುತ್ತಾರೆ. ಓದುಬರಹ ಅರಿಯದ ಅಜ್ಜಿಯೂ ಅಂಕಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡುತ್ತಾಳೆ. ಇದೆಲ್ಲಾ ಯುಕ್ತವೇ. ಆದರೆ ಆ ದಿನ ಮೊದಲುಗೊಂಡು ಕಾಲೇಜಿನ ಬಾಗಿಲು ತೆರೆಯುವ ವರೆಗೆ ದೊರೆಯುವ ಎರಡು ಮೂರು ತಿಂಗಳುಗಳು ಹೇಗೆ ಕಳೆಯುತ್ತವೆಂದು ವಿಚಾರಿಸಿದರೆ, ಬಹುಮಟ್ಟಿಗೆ ಬರಿದಾಗಿ ಕಳೆಯುತ್ತವೆಂದೇ ಹೇಳಬೇಕಾಗುವದು. ಹೊರಡುವ ಹಿಂದಿನ ರಾತ್ರಿ ಒಂದು ಪೆಟ್ಟಿಗೆಯಲ್ಲಿ ಬಟ್ಟೆಯನ್ನು ತುಂಬಿ, ಒಂದು ಡಬ್ಬಿಯಲ್ಲಿ ಚಟ್ನಿಪುಡಿಯನ್ನು ಇಟ್ಟು, ಬೆಳಿಗ್ಗೆ ಬಸ್ಸು ಹತ್ತಿಸುವದೇ ಸಿದ್ಧತೆ ಎಂದು ಅನೇಕರು ತಿಳಿದಿದ್ದಾರೆ.

ಇದರಿಂದಾಗುವ ಫಲವೇನು? ಹೀಗೆ ಹೊರಟವರೊಳಗೆ ಕೆಲವರು ದಸರೆಯ ರಜೆಗೆ ಊರಿಗೆ ಬಂದು ತಿರಿಗಿ ಹೋಗುವದಿಲ್ಲ. ಕೇಳಿದರೆ, ಊಟ ಸೇರಲಿಲ್ಲ, ಪಾಠ ತಿಳಿಯಲಿಲ್ಲ, ಮನಸ್ಸು ನಿಲ್ಲಲಿಲ್ಲ ಎಂದು ಹೇಳುತ್ತಾರೆ. ನಾವು ಹೋಗಿಬರುವ ಊರುಗಳಲ್ಲಿ ಇಂಥವರನ್ನು ಕಂಡಿದ್ದೇವೆ. ಅವರು ಮಂದಬುದ್ಧಿಯವರಲ್ಲ. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂತವರೇ. ಅವರಿಗೆ ಇಲ್ಲದೆ ಹೋದದ್ದು ಬುದ್ಧಿಯಲ್ಲ, ದಾರಿಯ ತಿಳುವಳಿಕೆ. ವಿದ್ಯಾವಂತರ ಮನೆಯ ಮಗುವಿಗೆ ಈ ತಿಳುವಳಿಕೆಯು ಅಣ್ಣನಿಂದಲೂ ಚಿಕ್ಕಪ್ಪನಿಂದಲೂ ಊಟದ ಹೊತ್ತಿನ ಮಾತಿನಲ್ಲಿಯೇ ಸಿಕ್ಕುತ್ತದೆ. ಮನೆತನದಲ್ಲಿ ಮೊದಲನೆಯವನಾಗಿ ಕಾಲೇಜಿನ ಮೆಟ್ಟಲು ಹತ್ತುವವನಿಗೆ ಅದನ್ನು ಹೇಳುವವರು ಯಾರು? ಆದಕಾರಣ ತಂದೆತಾಯಿಗಳೂ ತರುಣರೂ ಕೂಡಿ ಓದುವದಕ್ಕಾಗಿ ಈ ಪಾಠವನ್ನು ಬರೆಯುತ್ತೇವೆ.

ಪರೀಕ್ಷೆಯಲ್ಲಿ ತಪ್ಪಿದವರಿಗೂ ಇಲ್ಲಿ ಒಂದು ಮಾತು. ನಮ್ಮ ರಾಜ್ಯದಲ್ಲಿ ವರುಷಕ್ಕೆ ಒಂದಕ್ಕಿಂತ ಹೆಚ್ಚು ಸಾರಿ ಪರೀಕ್ಷೆ ನಡಿಸುವ ಕ್ರಮವಿದೆ. ಮೊದಲನೆಯದರಲ್ಲಿ ತಪ್ಪಿದವನು ಮತ್ತೆ ಬರೆಯಬಹುದು. ಹೀಗಿರಲಾಗಿ ಒಂದು ಸಾರಿ ತಪ್ಪಿದ ಮಗನನ್ನು ಕೂಡಲೆ ಕೆಲಸಕ್ಕೆ ಹಚ್ಚಿ ಓದನ್ನು ಮುಗಿಸಿಬಿಡುವದು ಅವಸರವೇ ಸರಿ.

1. ಬದಲಾವಣೆಯು ಯಾವುದು?

ಮೊದಲು ತಿಳಿಯತಕ್ಕದ್ದು ಇದು: ಶಾಲೆಯಲ್ಲಿ ಉಪಾಧ್ಯಾಯರು ವಿದ್ಯಾರ್ಥಿಯನ್ನು ಹುಡುಕಿಕೊಂಡು ಬರುತ್ತಾರೆ, ಕಾಲೇಜಿನಲ್ಲಿ ವಿದ್ಯಾರ್ಥಿಯೇ ಉಪನ್ಯಾಸಕರನ್ನು ಹುಡುಕಿಕೊಂಡು ಹೋಗಬೇಕು. ಶಾಲೆಗೆ ಬಾರದೆ ಇದ್ದರೆ ಮೇಷ್ಟರು ಮನೆಗೆ ಹೇಳಿಕಳುಹಿಸುತ್ತಾರೆ. ಕಾಲೇಜಿಗೆ ಹೋಗದೆ ಇದ್ದರೆ ಬಹುದಿನ ಯಾರೂ ಕೇಳುವದಿಲ್ಲ. ಕೇಳುವದು ಕಡೆಗೆ, ಪರೀಕ್ಷೆಗೆ ಕೂರುವ ಅಪ್ಪಣೆಯನ್ನು ಕೊಡುವಾಗ. ಸಾಮಾನ್ಯವಾಗಿ ಪ್ರತಿಯೊಂದು ವಿಷಯದಲ್ಲಿ ನೂರಕ್ಕೆ 75ರಷ್ಟು ಹಾಜರಿ ಇರಬೇಕೆಂಬದು ನಿಯಮ. ಒಂದು ವಿಷಯಕ್ಕೆ 60 ತರಗತಿಗಳು ನಡೆದರೆ 15ಕ್ಕಿಂತ ಹೆಚ್ಚು ತಪ್ಪಿಸುವ ಹಾಗಿಲ್ಲ. ಸುಗ್ಗಿ, ಜಾತ್ರೆ, ಮದುವೆ, ಜ್ವರ ಇವೆಲ್ಲವೂ ಆ 15ರೊಳಗೆಯೇ ಮುಗಿಯಬೇಕು. ಆದದರಿಂದ ಹೊಲದ ಕೆಲಸಕ್ಕೆಂದು ಮಗನನ್ನು ವಾರಗಟ್ಟಲೆ ನಿಲ್ಲಿಸಿಕೊಳ್ಳುವ ತಂದೆಯು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ಎರಡನೆಯದು, ಕಾಲದ ವಿಂಗಡಣೆ. ಶಾಲೆಯಲ್ಲಿ ವರುಷದ ಕೊನೆಗೆ ಒಂದು ದೊಡ್ಡ ಪರೀಕ್ಷೆ. ಅದಕ್ಕೆ ಮುಂಚಿನ ಎರಡು ತಿಂಗಳು ಗಟ್ಟಿಯಾಗಿ ಓದಿ ದಾಟಿದವರುಂಟು. ಪದವಿ ಕಾಲೇಜಿನಲ್ಲಿ ವರುಷವನ್ನು ಸೆಮಿಸ್ಟರ್ ಎಂಬ ಎರಡು ಭಾಗಗಳಾಗಿ ಮಾಡಿದ್ದಾರೆ; ಮೂರು ವರುಷಕ್ಕೆ ಆರು ಸೆಮಿಸ್ಟರ್‌ಗಳು, ಆರು ಪರೀಕ್ಷೆಗಳು. ಕಾಲೇಜಿಗೆ ಸೇರಿ, ಊರನ್ನು ನೋಡಿ, ಗೆಳೆಯರನ್ನು ಮಾಡಿಕೊಳ್ಳುವಷ್ಟರಲ್ಲಿ ಮೊದಲನೆಯ ಪರೀಕ್ಷೆಯು ಬಾಗಿಲಲ್ಲಿ ಬಂದು ನಿಂತಿರುತ್ತದೆ. ಇದಲ್ಲದೆ ಅಂಕಗಳಲ್ಲಿ ಒಂದು ಪಾಲನ್ನು ಆಂತರಿಕ ಅಂಕಗಳೆಂದು ಕಾಲೇಜಿನವರೇ ಕೊಡುತ್ತಾರೆ. ಕಿರುಪರೀಕ್ಷೆ, ಬರೆದು ಒಪ್ಪಿಸುವ ಕೆಲಸ ಮುಂತಾದವುಗಳಿಂದ ಇವು ದೊರೆಯುತ್ತವೆ. ಇವು ದಿನದಿನದ ಶ್ರದ್ಧೆಗೆ ಸಿಕ್ಕುವ ಕೂಲಿ. ಕಡೆಯ ರಾತ್ರಿಯ ಓದಿಗೆ ಸಿಕ್ಕುವದಿಲ್ಲ.

ಮೂರನೆಯದು, ಪಠ್ಯಕ್ರಮದ ಸಂಗತಿ. ನಮ್ಮ ರಾಜ್ಯದಲ್ಲಿ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರುಷದ ಪದವಿಯನ್ನು ಆರಂಭಿಸಿದ್ದರು. 2024ರಲ್ಲಿ ಸರಕಾರವು ಅದನ್ನು ಬಿಟ್ಟು ತಿರಿಗಿ ಮೂರು ವರುಷದ ಪದವಿಗೆ ಬಂತು. ಈ ಕಾರಣದಿಂದ ಕೆಲವು ವರುಷ ಹಿಂದೆ ಓದಿದ ಅಣ್ಣನ ಅನುಭವವು ತಮ್ಮನಿಗೆ ಎಲ್ಲಾ ವಿಷಯಗಳಲ್ಲಿ ಹೊಂದಲಾರದು. ಹಳೇ ಪುಸ್ತಕವನ್ನು ಕೊಳ್ಳುವದಕ್ಕೆ ಮುಂಚೆ ಈಗಿನ ಪಠ್ಯಪಟ್ಟಿಯನ್ನು ಕಾಲೇಜಿನಲ್ಲಿಯೇ ಕೇಳಿ ನೋಡಬೇಕು. ವಿಷಯಗಳನ್ನು ಆರಿಸುವಾಗಲೂ, ಗೆಳೆಯನು ತಕ್ಕೊಂಡನೆಂದು ತಕ್ಕೊಳ್ಳದೆ, ಪಿಯುಸಿಯಲ್ಲಿ ತನಗೆ ಯಾವುದು ತಿಳಿಯಿತು, ಮುಂದೆ ಯಾವ ಕೆಲಸಕ್ಕೆ ಅದು ದಾರಿಯಾಗುವದು ಎಂಬ ಎರಡನ್ನೂ ವಿಚಾರಿಸಬೇಕು.

2. ಕಾಗದಪತ್ರಗಳು

ಬಡವರ ಮಕ್ಕಳು ಬಹಳವಾಗಿ ಅಲೆಯುವದು ಕಾಗದಗಳಿಗಾಗಿಯೇ. ಎಸ್ಸೆಸ್ಸೆಲ್ಸಿ ಹಾಗೂ ಪಿಯುಸಿ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಆಧಾರ್ ಚೀಟಿ, ವಿದ್ಯಾರ್ಥಿಯ ಹೆಸರಿನಲ್ಲಿಯೇ ಇರುವ ಬ್ಯಾಂಕಿನ ಪುಸ್ತಕ, ಭಾವಚಿತ್ರಗಳು: ಇವೆಲ್ಲವನ್ನೂ ಫಲಿತಾಂಶಕ್ಕೆ ಕಾಯದೆ ಕೂಡಿಸಿಡಬೇಕು. ಜಾತಿ ಮತ್ತು ಆದಾಯದ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿಯನ್ನು ಕೊಡತಕ್ಕದ್ದು. ಎಲ್ಲರೂ ಒಂದೇ ವಾರದಲ್ಲಿ ಹೋಗಿ ನಿಂತರೆ ತಡವಾಗುವದು ಸಹಜ. ಪ್ರತಿಯೊಂದು ಕಾಗದದ ನಾಲ್ಕು ನಕಲುಗಳನ್ನು ಬೇರೆ ಇಟ್ಟುಕೊಂಡು ಮೂಲಪತ್ರಗಳನ್ನು ಭದ್ರಪಡಿಸಬೇಕು. ಮೂಲಪತ್ರವನ್ನು ಎಲ್ಲಿಯಾದರೂ ಕೊಡಬೇಕಾದರೆ ರಸೀದಿಯನ್ನು ಕೇಳಿ ಪಡೆಯಬೇಕು.

ನಮ್ಮ ಸಭೆಗಳವರು ವಿಶೇಷವಾಗಿ ಲಕ್ಷ್ಯಕೊಡತಕ್ಕ ಎರಡು ಸಂಗತಿಗಳುಂಟು. ಮೊದಲನೆಯದು ಹೆಸರು. ದೀಕ್ಷಾಸ್ನಾನದಲ್ಲಿ ಕೊಟ್ಟ ಹೆಸರು ಒಂದು, ಶಾಲೆಯ ದಾಖಲೆಯಲ್ಲಿ ಬರೆದದ್ದು ಇನ್ನೊಂದು, ಆಧಾರ್ ಚೀಟಿಯಲ್ಲಿ ಅಚ್ಚಾದದ್ದು ಮೂರನೆಯದು, ಹೀಗಿರುವ ಮನೆಗಳು ಸ್ವಲ್ಪವಲ್ಲ. ತಂದೆಯ ಹೆಸರೂ ಒಂದೊಂದು ಕಾಗದದಲ್ಲಿ ಒಂದೊಂದು ವಿಧವಾಗಿರುವದು. ವಿದ್ಯಾರ್ಥಿವೇತನವು ಬರುವದು ಬ್ಯಾಂಕಿನ ಖಾತೆಗೆ. ಹೆಸರು ಹೊಂದದೆ ಹೋದರೆ ಹಣವು ನಿಂತುಹೋಗಬಹುದು. ಆದದರಿಂದ ಎಲ್ಲಾ ಕಾಗದಗಳನ್ನು ಒಂದು ಸಾಯಂಕಾಲ ನೆಲದ ಮೇಲೆ ಹರಡಿ, ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿರಿ. ಶಾಲೆಯ ದಾಖಲೆಯಲ್ಲಿ ತಪ್ಪಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ತಿದ್ದುಪಡಿಗೆ ಈಗಲೇ ಬರೆಯಿರಿ.

ಎರಡನೆಯದು ಪ್ರವರ್ಗ. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ, ಹಾಗೂ ಅದಕ್ಕೆ 1956ರಲ್ಲಿಯೂ 1990ರಲ್ಲಿಯೂ ಆದ ತಿದ್ದುಪಡಿಗಳಂತೆ, ಹಿಂದೂ, ಸಿಖ್, ಬೌದ್ಧ ಮತಗಳವರು ಮಾತ್ರ ಪರಿಶಿಷ್ಟ ಜಾತಿಯವರಾಗಿ ಎಣಿಸಲ್ಪಡುತ್ತಾರೆ. ಕ್ರೈಸ್ತರು ಅದರೊಳಗೆ ಸೇರಿಲ್ಲ. ಪರಿಶಿಷ್ಟ ಪಂಗಡದವರಿಗೆ ಮಾತ್ರ ಮತದ ಈ ಕಟ್ಟಳೆ ಇಲ್ಲ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು 1ನೆಯ ಪ್ರವರ್ಗದಲ್ಲಿಯೂ ಇತರ ಕ್ರೈಸ್ತರು 3ಬಿ ಪ್ರವರ್ಗದಲ್ಲಿಯೂ ಇದ್ದಾರೆ. ತಮಗೆ ನಿಜವಾಗಿ ಸಲ್ಲುವದನ್ನು ತಿಳಿದು ಕೇಳುವದರಲ್ಲಿ ನಾಚಿಕೆ ಇಲ್ಲ. ಸಲ್ಲದ್ದನ್ನು ಬರೆಯಿಸಿದರೆ ಮಗುವಿನ ಓದಿನ ನಡುವೆಯೇ ಪತ್ರವು ರದ್ದಾಗುವ ಭಯವಿರುವದು. ಸತ್ಯವಾದ ಕಾಗದವೇ ಕಡೆಯ ವರೆಗೆ ನಿಲ್ಲುವದು.

3. ಹಣದ ಲೆಕ್ಕ

ಅನೇಕರು ಪ್ರವೇಶಶುಲ್ಕವೊಂದನ್ನೇ ಖರ್ಚೆಂದು ಎಣಿಸಿ ಸಾಲವನ್ನು ಎತ್ತುತ್ತಾರೆ. ಪ್ರವೇಶಶುಲ್ಕವು ಬಾಗಿಲಿನ ಖರ್ಚು ಮಾತ್ರ. ಪುಸ್ತಕ, ಪರೀಕ್ಷಾಶುಲ್ಕ, ಊಟ, ವಸತಿ, ಬಸ್ಸು, ಸಾಬೂನು, ಔಷಧ, ಊರಿಗೆ ಬಂದುಹೋಗುವದು ಇವೆಲ್ಲ ಒಳಗಿನ ಖರ್ಚು. ಒಂದು ಕಾಗದದ ಮೇಲೆ ಮೊದಲನೆಯ ಐದು ತಿಂಗಳಿಗೆ ತಿಂಗಳು ತಿಂಗಳಾಗಿ ಇವನ್ನು ಬರೆದು ನೋಡಬೇಕು. ವಿದ್ಯಾರ್ಥಿವೇತನವು ದೊರೆಯುವದಿದ್ದರೂ ಅದು ಕಾಲೇಜು ತೆರೆದ ದಿನವೇ ಬರುವದಿಲ್ಲ. ಅದು ಬರುವ ವರೆಗೆ ನಡಿಸುವಷ್ಟು ಹಣವು ಕೈಯಲ್ಲಿರಬೇಕು. ಮೊದಲನೆಯ ತಿಂಗಳುಗಳಲ್ಲಿ ಹಸಿದು, ನಾಚಿ, ಯಾರಿಗೂ ಹೇಳದೆ ಊರಿಗೆ ಬಂದುಬಿಟ್ಟವರ ಕಥೆಯ ಬೇರು ಅನೇಕಾವರ್ತಿ ಇಲ್ಲಿಯೇ ಇರುತ್ತದೆ.

ಸಹಾಯದ ದಾರಿಗಳೂ ಇವೆ. ಸಮಾಜ ಕಲ್ಯಾಣ ಇಲಾಖೆಯವರೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯವರೂ ಅಲ್ಪಸಂಖ್ಯಾತರ ಇಲಾಖೆಯವರೂ ಜಿಲ್ಲೆ ತಾಲೂಕುಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ನಡಿಸುತ್ತಾರೆ. ಇವುಗಳಿಗೆ ಬೇರೆಯಾಗಿ ಅರ್ಜಿಯನ್ನು ಹಾಕಬೇಕು. ಕಾಲೇಜಿಗೆ ಸೇರಿದ ಮಾತ್ರಕ್ಕೆ ನಿಲಯವು ದೊರೆಯುವದಿಲ್ಲ. ನಿಲಯದಲ್ಲಿ ಸ್ಥಳವು ಸಿಕ್ಕದ ಹಿಂದುಳಿದ ವರ್ಗದವರಿಗಾಗಿ ವಿದ್ಯಾಸಿರಿ ಎಂಬ ಯೋಜನೆ ಇದೆ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್.ಎಸ್.ಪಿ. ಎಂಬ ಸರಕಾರೀ ಜಾಲತಾಣದಲ್ಲಿ ಅರ್ಜಿಯನ್ನು ಹಾಕತಕ್ಕದ್ದು. ಅದರ ಕಡೆಯ ದಿನಾಂಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೂಲಕ ನಮ್ಮ ರಾಜ್ಯದ ಹೆಣ್ಣುಮಕ್ಕಳು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಹಣವಿಲ್ಲದೆ ಹೋಗಿಬರುವ ಅನುಕೂಲವಾಗಿದೆ. ಕಾಲೇಜು ಸಮೀಪದ ಪಟ್ಟಣದಲ್ಲಿದ್ದರೆ ಮನೆಯಿಂದಲೇ ಓದುವ ಆಲೋಚನೆಯನ್ನೂ ಮಾಡಬಹುದು.

ಕಳುಹಿಸಿದ ಹಣಕ್ಕೆ ಲೆಕ್ಕವಿರಲಿ. ಎರಡು ಕಾಸಿನ ಪುಸ್ತಕವಾದರೂ ಸಾಕು. ಬಂದದ್ದು ಒಂದು ಕಡೆ, ಹೋದದ್ದು ಒಂದು ಕಡೆ ಬರೆಯಲಿ. ಅಪ್ಪನು ಎಮ್ಮೆಯನ್ನು ಮಾರಿ ಶುಲ್ಕವನ್ನು ಕಟ್ಟಿದ್ದರೆ ಮಗನಿಗೆ ಅದು ತಿಳಿದಿರಲಿ. ಆದರೆ ಮಾತು ಬಂದಾಗಲೆಲ್ಲಾ ಆ ಎಮ್ಮೆಯನ್ನು ಅವನ ಮುಂದೆ ತಂದು ಕಟ್ಟಬಾರದು. ತಿಳಿದ ಮಗನು ಜಾಗ್ರತೆಯುಳ್ಳವನಾಗುವನು, ಹಂಗಿಸಲ್ಪಟ್ಟ ಮಗನು ಕಷ್ಟವನ್ನು ಬಚ್ಚಿಡುವನು. ಬಚ್ಚಿಟ್ಟವನೇ ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಸಾಲಕೊಡುವವರ ಕೈಗೆ ಬೀಳುತ್ತಾನೆ. ಅಂಥ ಸಾಲದ ಬಡ್ಡಿಯೂ ಬೆದರಿಕೆಯೂ ಹಳ್ಳಿಯ ಸಾಹುಕಾರನದಕ್ಕಿಂತ ಕಡಿಮೆಯಲ್ಲ. ಹಣವಿಟ್ಟು ಆಡುವ ಮೊಬೈಲಿನ ಆಟಗಳನ್ನು 2025ರ ಆಗಸ್ಟಿನಲ್ಲಿ ಭಾರತದ ಪಾರ್ಲಿಮೆಂಟು ಕಾನೂನಿನಿಂದ ನಿಷೇಧಿಸಿತು. ಜೂಜಿಗೆ ಹೊಸ ವೇಷಗಳು ಬರುತ್ತಲೇ ಇರುವವು. ಹೆಸರು ಏನೇ ಇರಲಿ, ಗುರುತಿಸಿ ದೂರವಿರಬೇಕು.

4. ಭಾಷೆಯ ಕಷ್ಟ

ಕನ್ನಡದಲ್ಲಿ ಓದಿ ಬಂದವನಿಗೆ ಕಾಲೇಜಿನ ಮೊದಲನೆಯ ವಾರದಲ್ಲಿ ಆಗುವ ದೊಡ್ಡ ಪೆಟ್ಟು ಇಂಗ್ಲಿಷಿನದು. ಉಪನ್ಯಾಸಕರು ಮಾತಾಡುತ್ತಾರೆ, ಸುತ್ತಲಿನವರು ತಲೆಯಾಡಿಸುತ್ತಾರೆ, ತನಗೊಬ್ಬನಿಗೇ ತಿಳಿಯಲಿಲ್ಲವೆಂದು ಅವನು ತಿಳಿಯುತ್ತಾನೆ. ನಿಜವೇನಂದರೆ, ತಲೆಯಾಡಿಸಿದವರಲ್ಲಿಯೂ ಅರ್ಧ ಜನಕ್ಕೆ ತಿಳಿದಿರುವದಿಲ್ಲ.

ಇದಕ್ಕೆ ಉಪಾಯಗಳುಂಟು. ಒಂದು: ಪಾಠವು ನಡೆಯುವದಕ್ಕೆ ಮುಂಚೆ ಆ ಸಂಗತಿಯನ್ನು ಕನ್ನಡದ ಪಿಯುಸಿ ಪುಸ್ತಕದಲ್ಲಿ ಓದಿಕೊಂಡು ಹೋಗುವದು. ಅರ್ಥವು ಮೊದಲೇ ಗೊತ್ತಿದ್ದರೆ ಪರಭಾಷೆಯ ಮಾತು ಹಿಡಿಯುತ್ತದೆ. ಆದದರಿಂದ ಪಿಯುಸಿ ಪುಸ್ತಕಗಳನ್ನು ರದ್ದಿಗೆ ಮಾರಬೇಡಿರಿ. ಎರಡು: ಒಂದು ಸಣ್ಣ ಪುಸ್ತಕದಲ್ಲಿ ದಿನಕ್ಕೆ ಹತ್ತು ಶಬ್ದಗಳನ್ನು, ಎಲ್ಲೆಲ್ಲಿಯದೋ ಅಲ್ಲ, ಆಯಾ ವಿಷಯದ ಶಬ್ದಗಳನ್ನೇ, ಅರ್ಥದೊಂದಿಗೆ ಬರೆಯುವದು. ವಾರಕ್ಕೆ ಆರು ದಿನವೆಂದರೆ 60, ನಾಲ್ಕು ತಿಂಗಳಲ್ಲಿ ಸುಮಾರು 1000 ಶಬ್ದಗಳಾದವು. ಒಂದು ಸೆಮಿಸ್ಟರಿನ ಪಾಠವನ್ನು ಹಿಡಿಯುವದಕ್ಕೆ ಇದು ದೊಡ್ಡ ಬಂಡವಾಳ. ಮೂರು: ಮನೆಯಲ್ಲಿರುವ ಈ ತಿಂಗಳುಗಳಲ್ಲಿ ದಿನಕ್ಕೆ ಅರ್ಧ ತಾಸು ಇಂಗ್ಲಿಷನ್ನು ಗಟ್ಟಿಯಾಗಿ ಓದುವದು. ಕಿವಿಗೂ ನಾಲಿಗೆಗೂ ಅಭ್ಯಾಸವಾಗಬೇಕಾದದರಿಂದ ಮೌನವಾಗಿ ಓದಿದರೆ ಸಾಲದು. ನಾಲ್ಕು: ಕಲಾ ಮತ್ತು ವಾಣಿಜ್ಯ ವಿಷಯಗಳಲ್ಲಿ ನಮ್ಮ ಅನೇಕ ವಿಶ್ವವಿದ್ಯಾಲಯಗಳು ಕನ್ನಡದಲ್ಲಿ ಉತ್ತರ ಬರೆಯಗೊಡುತ್ತವೆ. ಸೇರುವ ಕಾಲದಲ್ಲಿಯೇ ಇದನ್ನು ಕೇಳಿ ತಿಳಿಯತಕ್ಕದ್ದು.

ತನ್ನ ಭಾಷೆಯನ್ನು ಕುರಿತು ನಾಚಬೇಕಾದ್ದಿಲ್ಲ. ಕವಿ ಕುವೆಂಪು ಅವರು ಮಲೆನಾಡಿನ ಕುಪ್ಪಳಿ ಎಂಬ ಸಣ್ಣ ಊರಿನಿಂದ ಮೈಸೂರಿಗೆ ಓದಲು ಬಂದವರು. ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿಯೂ ಬಳಿಕ ಮಹಾರಾಜಾ ಕಾಲೇಜಿನಲ್ಲಿಯೂ ಕಲಿತರು. ಮೊದಲಲ್ಲಿ ಅವರು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಎಂಬವರು ಆ ಕವಿತೆಗಳನ್ನು ನೋಡಿ, ತಾಯಿನುಡಿಯಲ್ಲಿ ಬರೆಯಬೇಕೆಂದು ಹೇಳಿದರು. ಆ ಮಾತಿನ ಫಲವನ್ನು ಕನ್ನಡನಾಡು ಬಲ್ಲದು. 1929ರಲ್ಲಿ ಎಂ.ಎ. ಮುಗಿಸಿದ ಆ ವಿದ್ಯಾರ್ಥಿಯೇ 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಂಗ್ಲಿಷನ್ನು ಚೆನ್ನಾಗಿ ಕಲಿಯುವದೂ ಕನ್ನಡವನ್ನು ಬಿಡದೆ ಇರುವದೂ ಒಂದಕ್ಕೊಂದು ವಿರೋಧವಲ್ಲವೆಂದು ಇದರಿಂದ ತಿಳಿಯಬಹುದು.

5. ಓದುವ ಕ್ರಮ

ಓದಿದ್ದನ್ನೇ ಹತ್ತು ಸಾರಿ ಓದುವದು ನಮ್ಮವರ ರೂಢಿ. ಇದು ಶ್ರಮಕ್ಕೆ ತಕ್ಕ ಫಲವನ್ನು ಕೊಡುವದಿಲ್ಲ. ಜರ್ಮನಿಯ ಪಂಡಿತನಾದ ಹರ್ಮನ್ ಎಬ್ಬಿಂಗ್‌ಹೌಸ್ ಎಂಬವನು ಅರ್ಥವಿಲ್ಲದ ಅಕ್ಷರಗಳ ಪಟ್ಟಿಗಳನ್ನು ತಾನೇ ಬಾಯಿಪಾಠಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು 1885ರಲ್ಲಿ ಪ್ರಕಟಿಸಿದನು. ಮರೆವು ಬಹಳವಾಗಿ ಮೊದಲನೆಯ ದಿನವೇ ಆಗುತ್ತದೆ, ಆ ಮೇಲೆ ನಿಧಾನವಾಗುತ್ತದೆ ಎಂದು ಅವನು ಕಂಡನು. 2006ರಲ್ಲಿ ಅಮೇರಿಕದ ಇಬ್ಬರು ವಿದ್ವಾಂಸರು ವಿದ್ಯಾರ್ಥಿಗಳನ್ನು ಎರಡು ಗುಂಪುಮಾಡಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಪುಸ್ತಕವನ್ನು ಮುಚ್ಚಿ ನೆನಪಿಗೆ ತಂದುಕೊಂಡು ಬರೆಯಿತು. ಐದು ನಿಮಿಷದ ಮೇಲೆ ಕೇಳಿದಾಗ ಓದಿದವರೇ ಮುಂದಿದ್ದರು, ಒಂದು ವಾರದ ಮೇಲೆ ಕೇಳಿದಾಗ ನೆನಸಿಕೊಂಡು ಬರೆದವರು ಬಹಳ ಮುಂದಾಗಿದ್ದರು.

ಇದರಿಂದ ಕಲಿಯತಕ್ಕ ಕ್ರಮವು ಸುಲಭವಾದದ್ದು. ತರಗತಿಯಲ್ಲಿ ಕೇಳಿದ್ದನ್ನು ಅದೇ ದಿನ ಸಾಯಂಕಾಲ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿರಿ. ಬಳಿಕ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಸೇರಿಸಿರಿ. ಮೂರು ದಿನದ ಮೇಲೆ ಒಂದು ಸಾರಿ, ವಾರದ ಮೇಲೆ ಒಂದು ಸಾರಿ, ತಿಂಗಳ ಮೇಲೆ ಒಂದು ಸಾರಿ ಹೀಗೆಯೇ ಮಾಡಿರಿ. ದಿನಕ್ಕೆ ಎರಡು ತಾಸು ಈ ವಿಧವಾಗಿ ಓದಿದವನು ಪರೀಕ್ಷೆಯ ಮುಂಚಿನ ರಾತ್ರಿ ನಿದ್ರೆಮಾಡಬಹುದು. ತಿಳಿಯದ್ದನ್ನು ಗುರುತುಮಾಡಿಕೊಂಡು ಉಪನ್ಯಾಸಕರನ್ನು ಅವರ ಕೋಣೆಯಲ್ಲಿ ಕೇಳಬೇಕು. "ಸಾರ್, ಈ ಭಾಗ ತಿಳಿಯಲಿಲ್ಲ, ದಯಮಾಡಿ ಇನ್ನೊಮ್ಮೆ ಹೇಳಿರಿ" ಎಂಬ ಮಾತನ್ನು ಮನೆಯಲ್ಲಿಯೇ ಅಭ್ಯಾಸಮಾಡಿಕೊಂಡು ಹೋಗಲಿ. ದೊಡ್ಡವರ ಮುಂದೆ ಬಾಯಿಬಿಡಬಾರದೆಂದು ಕಲಿಸಲ್ಪಟ್ಟ ನಮ್ಮ ಮಕ್ಕಳಿಗೆ ಈ ಒಂದು ಮಾತು ಬಹಳ ಭಾರವಾಗಿರುತ್ತದೆ.

6. ಕೈಯ ಕೆಲಸಗಳು

ಅನ್ನ ಬೇಯಿಸುವದು, ಬಟ್ಟೆ ಒಗೆಯುವದು, ಗುಂಡಿ ಹೊಲಿಯುವದು, ಬ್ಯಾಂಕಿನಲ್ಲಿ ಹಣ ತೆಗೆಯುವದು, ಅರ್ಜಿ ಬರೆಯುವದು, ಜ್ವರ ಬಂದರೆ ಸರಕಾರೀ ಆಸ್ಪತ್ರೆಗೆ ಹೋಗಿ ಚೀಟಿ ಮಾಡಿಸುವದು: ಇವುಗಳನ್ನು ಗಂಡುಮಕ್ಕಳೂ ಕಲಿಯಬೇಕು. ತಾಯಂದಿರೇ, ಮಗನು ಒಲೆಯ ಹತ್ತರ ಬಂದರೆ ಅವನನ್ನು ಅಟ್ಟಬೇಡಿರಿ. ಕೋಣೆ ಮಾಡಿಕೊಂಡು ಓದುವ ನಾಲ್ಕು ಹುಡುಗರಲ್ಲಿ ಅಡಿಗೆ ಬಲ್ಲವನೊಬ್ಬನಿದ್ದರೆ ನಾಲ್ವರ ಹಣವೂ ಆರೋಗ್ಯವೂ ಉಳಿಯುತ್ತವೆ. ಕಾಲೇಜು ತೆರೆಯುವ ಮುಂಚೆ ಒಂದು ದಿನ ಮಗಳೊಡನೆ ಆ ಊರಿಗೆ ಹೋಗಿ ಬಸ್ ನಿಲ್ದಾಣ, ಕಾಲೇಜು, ನಿಲಯ, ಆಸ್ಪತ್ರೆ, ಪೊಲೀಸ್ ಠಾಣೆ ಇವುಗಳನ್ನು ನಡೆದು ನೋಡಿಬನ್ನಿರಿ. ಕಣ್ಣಿಗೆ ಪರಿಚಯವಾದ ಊರು ಅರ್ಧ ಭಯವನ್ನು ತೆಗೆದುಬಿಡುತ್ತದೆ.

7. ಒಂಟಿತನ, ಸಹವಾಸ, ಪೀಡೆ

ಮೊದಲನೆಯ ತಿಂಗಳಲ್ಲಿ ಮನೆಯ ಹಂಬಲವು ಬಲವಾಗಿರುತ್ತದೆ. ಇದು ರೋಗವಲ್ಲ, ಹೇಡಿತನವೂ ಅಲ್ಲ. ಅದು ಬರುವದೆಂದು ಮುಂಚಿತವಾಗಿ ಹೇಳಿದರೆ ಬಂದಾಗ ಮಗುವು ತತ್ತರಿಸುವದಿಲ್ಲ. ವಾರಕ್ಕೆ ಎರಡು ಗೊತ್ತಾದ ದಿನಗಳಲ್ಲಿ ಫೋನಿನಲ್ಲಿ ಮಾತಾಡಿರಿ. ತಾಸಿಗೊಂದು ಸಾರಿ ಬೇಡ. ಮೊದಲನೆಯ ತಿಂಗಳಲ್ಲಿಯೇ ಊರಿಗೆ ಓಡಿಬರುವ ರೂಢಿಯನ್ನು ಮಾಡಿಸಬೇಡಿರಿ. ಆದರೆ ಮನಸ್ಸಿನ ಭಾರವು ವಾರಗಟ್ಟಲೆ ಇಳಿಯದೆ, ಊಟ ನಿದ್ರೆಗಳು ಕೆಟ್ಟರೆ ತಾತ್ಸಾರಮಾಡಬಾರದು. ಸರಕಾರವು 2022ರ ಅಕ್ಟೋಬರದಲ್ಲಿ ಟೆಲಿ ಮಾನಸ್ ಎಂಬ ಸೇವೆಯನ್ನು ಆರಂಭಿಸಿದೆ. 14416 ಎಂಬ ಸಂಖ್ಯೆಗೆ ಹಗಲಾಗಲಿ ರಾತ್ರಿಯಾಗಲಿ ಕರೆಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಹಣವಿಲ್ಲ.

ಹಿರಿಯ ವಿದ್ಯಾರ್ಥಿಗಳು ಹೊಸಬರನ್ನು ಪೀಡಿಸುವ ರ‍್ಯಾಗಿಂಗ್ ಎಂಬ ದುಷ್ಟ ರೂಢಿಯನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರ ನಿಯಮಗಳಿಂದ ನಿಷೇಧಿಸಿದೆ. ಜಾತಿಯನ್ನೆತ್ತಿ, ಬಣ್ಣವನ್ನೆತ್ತಿ, ಮಾತಿನ ರೀತಿಯನ್ನೆತ್ತಿ ಅವಮಾನಮಾಡುವದೂ ಅದರೊಳಗೆ ಸೇರಿದೆ. ಇಂಥದು ನಡೆದರೆ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ತಿಳಿಸಬೇಕು. 1800-180-5522 ಎಂಬ ಸಂಖ್ಯೆಗೂ ತಿಳಿಸಬಹುದು. ಸಹಿಸಿಕೊಂಡಿದ್ದರೆ ತಾನಾಗಿಯೇ ನಿಂತೀತೆಂದು ತಿಳಿಯಬಾರದು.

ಗೆಳೆಯರನ್ನು ಆರಿಸುವದಕ್ಕೆ ಅವಸರ ಬೇಡ. ಮೊದಲನೆಯ ವಾರದಲ್ಲಿ ತಿಂಡಿ ಕೊಡಿಸಿದವನೇ ಸ್ನೇಹಿತನೆಂದು ಎಣಿಸದೆ, ತರಗತಿಗೆ ಹೋಗುವವನ, ಲೆಕ್ಕ ತೀರಿಸುವವನ, ಹಿಂದೆ ಒಂದು ಮುಂದೆ ಒಂದು ಆಡದವನ ಸಂಗಡ ನಿಧಾನವಾಗಿ ಸೇರಲಿ. ಬೇರೆ ಮತದವರೂ ಬೇರೆ ಜಾತಿಯವರೂ ಒಂದೇ ಬೆಂಚಿನ ಮೇಲೆ ಕೂತುಕೊಳ್ಳುವ ಸ್ಥಳವದು. ಎಲ್ಲರೊಡನೆ ಮರ್ಯಾದೆಯಿಂದ ನಡೆದು ಅವರಿಂದ ಕಲಿಯುವದೂ ವಿದ್ಯೆಯ ಒಂದು ಭಾಗವೇ.

8. ಹೆಣ್ಣುಮಕ್ಕಳ ಓದು

ಮನೆಯಲ್ಲಿ ಮಗನೂ ಮಗಳೂ ಓದುವವರಾಗಿ, ಹಣವು ಒಬ್ಬರಿಗೆ ಮಾತ್ರ ಸಾಕಾದರೆ, ನಿಲ್ಲಿಸಲ್ಪಡುವವಳು ಮಗಳೇ. ಅವಳ ಅಂಕಗಳು ಹೆಚ್ಚಿದ್ದರೂ ಹೀಗೆಯೇ ನಡೆಯುವದನ್ನು ನೋಡಿ ನಮಗೆ ದುಃಖವಾಗುತ್ತದೆ. ಹದಿನೆಂಟು ತುಂಬಿತೆಂದು ಮದುವೆಮಾಡಿ ಕೊಟ್ಟವಳು ಮೂರು ವರುಷ ಓದಿದ್ದರೆ ಇಪ್ಪತ್ತೊಂದರಲ್ಲಿ ಪದವಿಯುಳ್ಳವಳಾಗಿ ತನ್ನ ಕಾಲಿನ ಮೇಲೆ ನಿಲ್ಲುತ್ತಿದ್ದಳು. ಗಂಡನ ಕೆಲಸವು ಹೋದ ದಿನ, ರೋಗವು ಬಂದ ದಿನ, ಆ ಪದವಿಯೇ ಮನೆಯನ್ನು ಎತ್ತಿಹಿಡಿಯುವದು. ಭಯವಿರುವದೆಂದು ಹೇಳುವವರು ಇದನ್ನೂ ತಿಳಿಯಲಿ: 2013ರ ಕಾನೂನು ಹಾಗೂ ಧನಸಹಾಯ ಆಯೋಗದ 2015ರ ನಿಯಮಗಳಂತೆ ಕಾಲೇಜುಗಳಲ್ಲಿ ಹೆಂಗಸರ ದೂರುಗಳನ್ನು ಕೇಳುವ ಒಂದು ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರನ್ನು ಸೇರಿದ ದಿನವೇ ಕೇಳಿ ಬರೆದುಕೊಳ್ಳಲಿ. ಏನು ನಡೆದರೂ ಮನೆಗೆ ಹೇಳಬಹುದು, ಹೇಳಿದರೆ ಓದನ್ನು ಬಿಡಿಸುವದಿಲ್ಲ ಎಂಬ ಭರವಸೆಯನ್ನು ತಂದೆಯು ಬಾಯಿಬಿಟ್ಟು ಕೊಡಬೇಕು. ಈ ಭರವಸೆ ಇಲ್ಲದೆ ಹೋದರೆ ಮಗಳು ಕಷ್ಟವನ್ನು ಒಳಗೇ ನುಂಗುವಳು.

9. ಹೊರಟವರ ಹಿಂದೆ ನಿಲ್ಲುವದು

ಹಿಂದಿನ ಕಾಲದಲ್ಲಿ ಈ ದಾರಿ ಇನ್ನೂ ದೂರವಾಗಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮುಂಚೆ ಆ ಸೀಮೆಯ ತರುಣರು ಪದವಿಗಾಗಿ ಪುಣೆಗೂ ಮುಂಬಯಿಗೂ ಹೋಗಬೇಕಾಗಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತವರ್ಗದವರಿಗಾಗಿ ಒಂದು ಸಂಸ್ಥೆಯನ್ನು ಸ್ಥಾಪಿಸಿ ಶಾಲೆಗಳನ್ನೂ ವಿದ್ಯಾರ್ಥಿನಿಲಯವನ್ನೂ ನಡಿಸಿದರು. ತಮ್ಮವರೇ ಬಹಿಷ್ಕರಿಸಿದಾಗಲೂ ಬಿಡಲಿಲ್ಲ. ಓದುವವನ ಹಿಂದೆ ಯಾರೋ ನಿಂತದ್ದರಿಂದಲೇ ವಿದ್ಯೆಯು ಹಳ್ಳಿಗೂ ಕೇರಿಗೂ ಬಂತು. ಈಗ ನಿಲ್ಲುವ ಸರದಿಯು ನಮ್ಮದು.

ದಾನಿಯೇಲನ ಗ್ರಂಥದ ಮೊದಲನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿನೋಡಿರಿ. ಬಾಬೆಲಿಗೆ ಒಯ್ಯಲ್ಪಟ್ಟ ಆ ತರುಣರಿಗೆ ಪರದೇಶದ ಭಾಷೆಯನ್ನೂ ವಿದ್ಯೆಯನ್ನೂ ಕಲಿಯುವದಕ್ಕೆ ಗೊತ್ತಾದ ಕಾಲವು ಮೂರು ವರುಷ, ನಮ್ಮ ಪದವಿಯಷ್ಟೇ. ಅವರು ಆ ವಿದ್ಯೆಯನ್ನು ತಳ್ಳಿಬಿಡಲಿಲ್ಲ, ಚೆನ್ನಾಗಿ ಕಲಿತರು. ತಮ್ಮ ಮನಸ್ಸಿಗೆ ಒಪ್ಪದ ಊಟದ ವಿಷಯದಲ್ಲಿ ಜಗಳವಾಡದೆ, ಅಧಿಕಾರಿಯನ್ನು ವಿನಯದಿಂದ ಕೇಳಿ ಹತ್ತು ದಿನದ ಪರೀಕ್ಷೆಯನ್ನು ಬೇಡಿಕೊಂಡರು. ಮತ್ತು ಅವರು ಒಬ್ಬೊಬ್ಬರಾಗಿರಲಿಲ್ಲ, ನಾಲ್ವರು ಕೂಡಿದ್ದರು. ಕಲಿಯುವದರಲ್ಲಿ ಶ್ರದ್ಧೆ, ನಡತೆಯಲ್ಲಿ ದೃಢತೆ, ಕೇಳುವದರಲ್ಲಿ ವಿನಯ, ಕಷ್ಟದಲ್ಲಿ ಜತೆ ಎಂಬ ಈ ನಾಲ್ಕೂ ಇಂದಿನ ವಿದ್ಯಾರ್ಥಿಗೂ ಬೇಕು.

ಆದದರಿಂದ ಪ್ರತಿಯೊಂದು ಊರಿನವರು ಮಾಡಬಹುದಾದ ಕೆಲವು ಕೆಲಸಗಳನ್ನು ಸೂಚಿಸುತ್ತೇವೆ. ಈಗಾಗಲೇ ಕಾಲೇಜಿನಲ್ಲಿ ಓದುವವರು ರಜೆಗೆ ಬಂದಾಗ ಹೊರಡತಕ್ಕವರನ್ನು ಕೂಡಿಸಿ ಒಂದು ಸಾಯಂಕಾಲ ಮಾತಾಡಲಿ. ಓದಿ ಮುಗಿಸಿದ ಪುಸ್ತಕಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಸಿ ಮುಂದಿನವರಿಗೆ ಕೊಡಲಿ. ಅರ್ಜಿ ತುಂಬಲು ಬಲ್ಲವರು ತಿಳಿಯದವರಿಗೆ ತುಂಬಿಕೊಡಲಿ. ವಿದ್ಯಾರ್ಥಿಯು ಹೋಗುವ ಪಟ್ಟಣದಲ್ಲಿ ನಮ್ಮ ಸಭೆಯವರಿದ್ದರೆ ಅವರಿಗೆ ಒಂದು ಪತ್ರವನ್ನು ಬರೆಯಿರಿ. ಜ್ವರ ಬಂದ ರಾತ್ರಿ ಬಾಗಿಲು ತಟ್ಟುವದಕ್ಕೆ ಒಂದು ಮನೆ ಇದ್ದರೆ ಸಾಕು. ಒಂದು ವಿಷಯದಲ್ಲಿ ತಪ್ಪಿದನೆಂದು ಯಾರನ್ನೂ ಸಭೆಯಲ್ಲಿ ಹಾಸ್ಯಮಾಡಬೇಡಿರಿ. ತಪ್ಪಿದ ವಿಷಯವನ್ನು ಮತ್ತೆ ಬರೆಯಬಹುದು, ಮುರಿದ ಮನಸ್ಸನ್ನು ಕಟ್ಟುವದು ಅದಕ್ಕಿಂತ ಕಷ್ಟ.

ತರುಣರೇ, ನಿಮ್ಮಲ್ಲಿ ಮೊದಲನೆಯವರಾಗಿ ಹೊರಡುವವರು ನಿಮ್ಮೊಬ್ಬರಿಗಾಗಿ ಮಾತ್ರ ನಡೆಯುವದಿಲ್ಲ. ನೀವು ನಡೆದ ಹೆಜ್ಜೆಯು ತಮ್ಮಂದಿರಿಗೂ ತಂಗಿಯರಿಗೂ ಕಾಲುದಾರಿಯಾಗುವದು. ಎಡವಿದ ಸ್ಥಳವನ್ನು ಗುರುತುಮಾಡಿಕೊಂಡು ಹಿಂದಿನವರಿಗೆ ಹೇಳಿರಿ. ತಂದೆತಾಯಿಗಳೇ, ಬಸ್ಸು ಹತ್ತಿಸುವದು ಒಂದು ಗಳಿಗೆಯ ಕೆಲಸ. ಸಿದ್ಧಮಾಡುವದು ಈ ಮೂರು ತಿಂಗಳ ಕೆಲಸ. ಇಂದೇ ಆರಂಭಮಾಡಿರಿ.

ಮನೆಯಲ್ಲಿಯೂ ತರುಣರ ಕೂಟದಲ್ಲಿಯೂ ವಿಚಾರಿಸತಕ್ಕ ಪ್ರಶ್ನೆಗಳು

1. ಶಾಲೆಗೂ ಕಾಲೇಜಿಗೂ ಇರುವ ಮೂರು ಭೇದಗಳು ಯಾವುವು?
2. ನಮ್ಮ ಮನೆಯ ಮಗುವಿನ ಹೆಸರು ಎಲ್ಲಾ ಕಾಗದಗಳಲ್ಲಿ ಒಂದೇ ವಿಧವಾಗಿದೆಯೋ? ಇಲ್ಲವಾದರೆ ಈ ವಾರದಲ್ಲಿ ಯಾರು, ಎಲ್ಲಿಗೆ ಹೋಗಬೇಕು?
3. ಮೊದಲನೆಯ ಐದು ತಿಂಗಳಿಗೆ ಬೇಕಾಗುವ ಹಣವೆಷ್ಟು? ವಿದ್ಯಾರ್ಥಿವೇತನವು ತಡವಾದರೆ ಏನು ಮಾಡುವೆವು?
4. ಒಂದು ವಿಷಯಕ್ಕೆ 48 ತರಗತಿಗಳು ನಡೆದರೆ ಎಷ್ಟನ್ನು ಮಾತ್ರ ತಪ್ಪಿಸಬಹುದು?
5. ಪುಸ್ತಕವನ್ನು ಮುಚ್ಚಿ ನೆನಸಿಕೊಳ್ಳುವದರಿಂದ ಆಗುವ ಪ್ರಯೋಜನವೇನು? ಈ ಪಾಠವನ್ನೇ ಮುಚ್ಚಿಟ್ಟು, ನೆನಪಿದ್ದಷ್ಟನ್ನು ಹೇಳಿರಿ.
6. ನಮ್ಮ ಊರಿನಿಂದ ಹೊರಡತಕ್ಕವರು ಈ ವರುಷ ಎಷ್ಟು ಮಂದಿ? ಅವರ ಹಿಂದೆ ನಿಲ್ಲುವವರು ಯಾರು?